ಆಟಗಾರ ಬಾಯಿ ತೆರೀಬೇಕೋ, ಬ್ಯಾಡೋ?



‘ಆಟಗಾರ ಆಟ ಆಡಿದರ ಸಾಕು, ಜಾತಿ ಮಾತು ಯಾಕ?’ ನಮ್ಮ ಮಿರಜಿನ ಮೈದಾನದಾಗೂ ಇದನ್ನ ಕೇಳತೀವಿ.

ಪಳವಣಕರ ಬಾಳೂ ಅವರನ್ನು ನೆನೆಯಿರಿ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಅವರ ಬೌಲಿಂಗ್ ಎಲ್ಲರಿಗೂ ಬೇಕಿತ್ತು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ.

1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟರು. ಆಗ ತಮ್ಮಂದಿರಾದ ವಿಠ್ಠಲ, ಶಿವರಾಮ ಬಹಿರಂಗ ಹೇಳಿಕೆ ಕೊಟ್ಟು ಆಟದಿಂದ ಹೊರಗುಳಿದರು. ಮುಂದಿನ ಪಂದ್ಯಕ್ಕೆ ಬಾಳೂ ಉಪನಾಯಕರಾದರು. 1923ರಲ್ಲಿ ವಿಠ್ಠಲರೇ ನಾಯಕ! ಬರೀ ವಿಕೆಟ್‌ನಿಂದ ಆಗದ ಕೆಲಸ ಬಾಯಿ ತೆರೆದಾಗ ಆಯಿತು.

ಅದಕ್ಕೇ ಆಟಗಾರ ಮಾತಾಡಲೇಬೇಕು ಅಂತೀನಿ. ಆದರ ಆಟವೇ ಹೊಟ್ಟೆಪಾಡು ಆದವನಿಗೆ ಅಂಜಿಕೆ ಇರತೈತಿ. ತಂಡದಾಗಿನ ಜಾಗ ಹೋದರ ಅನ್ನ ಹೋಗತೈತಿ. ಸುಮ್ಮನಿದ್ದಾನಂತ ಅವನನ್ನ ಬೈಯೂದು ಸುಲಭ.

ಬಾಳೂ ಬೆನ್ನಿಗೆ ತಮ್ಮಂದಿರು ನಿಂತರು. ನಾಳೆ ನಮ್ಮ ಓಣಿಯ ಹುಡುಗನೋ ಹುಡುಗಿಯೋ ಬಾಯಿ ತೆರೆದರ, ಬೆನ್ನಿಗೆ ಯಾರು ನಿಲ್ಲತೀರಿ? ಉತ್ತರ ಈ ಸಂಘದಿಂದಲೇ ಬರಲಿ.

ಜೈ ಭೀಮ್.