ಮಾತು ಹೋದರೆ ಬುದ್ಧಿ ಹೋಯಿತೆಂದಲ್ಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆ ನಮಗೆ ಓದು ಬರಹದ ಜೊತೆಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನೂ ಕಲಿಸಿತು. ನಾನು ವಾಕ್ ಚಿಕಿತ್ಸೆಯ ಕೆಲಸದಲ್ಲಿರುವವಳು. ಹಾಗಾಗಿ ಕಲಿತ ಮಾತನ್ನು ಕಳೆದುಕೊಂಡವರ ಬಗ್ಗೆ ಇವತ್ತು ಹೇಳಬೇಕೆನಿಸಿದೆ.

ಲಕ್ವ ಹೊಡೆಯುವುದು ನಮಗೆ ಹೊಸದಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ಕೆಲಸ ನಿಲ್ಲುತ್ತದೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಬಲಗೈ ಬಲಗಾಲನ್ನು ಆಡಿಸುವುದೂ ಅದೇ ಭಾಗ. ಅದಕ್ಕೇ ಬಲಗಡೆ ಸ್ವಾಧೀನ ತಪ್ಪಿದ ಅನೇಕರಿಗೆ ಮಾತೂ ಕೈಕೊಡುತ್ತದೆ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಲಕ್ವ ಹೊಡೆದ ಮೂವರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡರು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ಟ್ಯಾನ್' ಎಂಬ ಒಂದೇ ಸದ್ದು. ಆದರೆ ಬೇರೆಯವರು ಆಡಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದಾಗ ಮೆದುಳಿನ ಎಡಗಡೆಯ ಮುಂಭಾಗ ಹಾಳಾಗಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು. ಇಂಥವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಅರ್ಥ ಕೂಡುವುದಿಲ್ಲ. ನಾವು ಹೇಳಿದ್ದೂ ಸರಿಯಾಗಿ ತಿಳಿಯುವುದಿಲ್ಲ.

ಇನ್ನು ಕೆಲವರಿಗೆ ಪದಗಳೆಲ್ಲ ನೆನಪಿರುತ್ತವೆ, ತುಟಿ ನಾಲಿಗೆಗಳ ಸ್ನಾಯು ಸೋತು ಮಾತು ತೊದಲುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿಯೇ ತಗ್ಗಿಹೋಗಬಹುದು. ಇದು ಭಾಷೆಯ ತೊಂದರೆಯಲ್ಲ, ಉಚ್ಚಾರಣೆಯ ತೊಂದರೆ.

ಆದರೆ ನಾವು ಏನು ಮಾಡುತ್ತೇವೆ? "ಅಜ್ಜನಿಗೆ ಏನೂ ತಿಳಿಯಲ್ಲ ಬಿಡಿ" ಎಂದು ಅವರ ಎದುರಿಗೇ ಹೇಳುತ್ತೇವೆ. ಹೊಲ ಪಾಲಾಗುವಾಗ, ಮೊಮ್ಮಗಳ ಮದುವೆ ಗೊತ್ತಾಗುವಾಗ ಅವರನ್ನು ಕೇಳುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ ಮಾತ್ರ ಕರೆಯುತ್ತೇವೆ. ಅವರು ಸಿಟ್ಟಾದರೆ ತಲೆ ಕೆಟ್ಟಿದೆ ಎನ್ನುತ್ತೇವೆ. ಹೇಳಬೇಕಾದ ಮಾತು ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದವರಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ಸೋಜಿಗದ ಸಂಗತಿ ಒಂದಿದೆ. ತನ್ನ ಹೆಸರು ಹೇಳಲಾಗದವರು ಒಂದರಿಂದ ಹತ್ತು ಎಣಿಸಬಲ್ಲರು, ವಾರಗಳ ಹೆಸರು ಹೇಳಬಲ್ಲರು, ಭಜನೆಗೆ ದನಿಗೂಡಿಸಬಲ್ಲರು. ಇಲ್ಲಿ ನಾವೆಲ್ಲ ರಾಗವಾಗಿ ಕೂಗಿದ ಮಗ್ಗಿಯೂ ಹಾಗೆ ಉಳಿದಿರಬಹುದು. ರೂಢಿಯಿಂದ ಬಂದದ್ದು ಸುಲಭವಾಗಿ ಅಳಿಯುವುದಿಲ್ಲ. ಚಿಕಿತ್ಸೆಯಲ್ಲಿ ಇದನ್ನೂ ಬಳಸಿಕೊಳ್ಳುತ್ತೇವೆ.

ಮನೆಯವರು ಮಾಡಬಹುದಾದದ್ದು ಬಹಳ ಇದೆ. ಟೀವಿ ಆರಿಸಿ ಎದುರಿಗೆ ಕುಳಿತುಕೊಳ್ಳಿ. ಒಂದು ಸಲಕ್ಕೆ ಒಂದೇ ವಿಷಯ ಕೇಳಿ. "ಏನು ಬೇಕು" ಎನ್ನುವ ಬದಲು "ಕಾಫಿ ಬೇಕಾ?" ಎಂದು ಕೇಳಿ, ತಲೆಯಾಡಿಸಿದರೂ ಸಾಕು. ಸನ್ನೆ, ಚಿತ್ರ, ಬರಹ ಯಾವುದಾದರೂ ಆಗಲಿ. ಕಿವಿ ಕೇಳುವವರ ಹತ್ತಿರ ಕೂಗಬೇಡಿ. ಪದ ಹುಡುಕುವವರಿಗೆ ಸಮಯ ಕೊಡಿ, ಅವರು ಕೇಳುವ ಮೊದಲೇ ವಾಕ್ಯ ಮುಗಿಸಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ. ವರ್ಷಗಳಾದವು ಎಂದು ಕೈಚೆಲ್ಲಬೇಡಿ, ಆಮೇಲೂ ಸುಧಾರಿಸಿಕೊಂಡವರಿದ್ದಾರೆ.

ಕೊನೆಯದಾಗಿ ಒಂದು ಕೋರಿಕೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅಥವಾ ನಿಂತರೆ, ನಾಟಿ ಔಷಧಿ ಹುಡುಕುತ್ತಾ ಊರೂರು ಅಲೆಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ವ ಶುರುವಾದ ಹೊತ್ತನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ.

ಮಕ್ಕಳೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮಾತು ನಿಂತ ಅಜ್ಜ ಅಜ್ಜಿ ಇದ್ದರೆ ದಿನಕ್ಕೆ ಹತ್ತು ನಿಮಿಷ ಅವರ ಹತ್ತಿರ ಕುಳಿತುಕೊಳ್ಳಿ. ಜೊತೆಯಲ್ಲಿ ಮಗ್ಗಿ ಹೇಳಿ. ಇಷ್ಟು ಮಾಡಿದರೆ ಈ ಶಾಲೆ ಕಲಿಸಿದ ಮಾತು ಸಾರ್ಥಕ.