ಖಾಲಿ ಕಚೇರಿಯ ಮುಂದಿನ ನೋಟೀಸು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಹೆಡ್‌ಮೇಷ್ಟ್ರು ಹೇಳಿದ್ದರು. ಕ್ಷಮಿಸಬೇಕು, ನಾನು ಇಂಗ್ಲೆಂಡಿನಲ್ಲಿ ವಾಸವಿರುವ ಬೀದಿಯ ಒಂದು ಖಾಲಿ ಕಚೇರಿಯ ಬಗ್ಗೆ ಹೇಳುತ್ತೇನೆ.

ಕೊರೋನಾ ಬಂದ ಮೇಲೆ ನನ್ನಂಥವರೆಲ್ಲ ಮನೆಯಿಂದಲೇ ಕೆಲಸ ಮಾಡತೊಡಗಿದೆವು. ನಮ್ಮ ಬೀದಿಯ ಕೊನೆಯ ಎರಡಂತಸ್ತಿನ ಕಚೇರಿಗೆ ಬೀಗ ಬಿತ್ತು. ಒಂದು ದಿನ ಎದುರಿನ ದೀಪದ ಕಂಬಕ್ಕೆ ನೋಟೀಸು ಕಟ್ಟಿದ್ದರು. ಆ ಕಟ್ಟಡವನ್ನು ವೃದ್ಧರ ಆರೈಕೆ ಮನೆ ಮಾಡಲು ಮಾಲೀಕರು ಅನುಮತಿ ಕೇಳಿದ್ದರು.

ಅವರದೇ ಕಟ್ಟಡ, ಅನುಮತಿ ಏಕೆ ಎಂದು ನೀವು ಕೇಳಬಹುದು. ಅಲ್ಲಿ 1947ರ ಕಾನೂನು ಬಂದಂದಿನಿಂದ ಹೊಸದಾಗಿ ಕಟ್ಟುವುದಕ್ಕಷ್ಟೇ ಅಲ್ಲ, ಕಟ್ಟಡದ ಬಳಕೆಯನ್ನು ಬದಲಿಸುವುದಕ್ಕೂ ಸ್ಥಳೀಯ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಬಳಕೆಗಳಿಗೆ ವರ್ಗಗಳಿವೆ. ಕಚೇರಿ, ಅಂಗಡಿಗಳು ‘ಇ’ ವರ್ಗ. ಆರೈಕೆ ಮನೆ ‘ಸಿ2’ ವರ್ಗ. ಕಚೇರಿಯನ್ನು ಸಾಮಾನ್ಯ ಫ್ಲ್ಯಾಟುಗಳಾಗಿ ಮಾರ್ಪಡಿಸಲು 2013ರಿಂದ ಸರಳ ದಾರಿಯಿದೆ. ಆರೈಕೆ ಮನೆಗೆ ಆ ದಾರಿ ಇಲ್ಲ, ಪೂರ್ಣ ಅರ್ಜಿಯನ್ನೇ ಹಾಕಬೇಕು.

ಅರ್ಜಿ, ನಕ್ಷೆ, ವರದಿಗಳನ್ನೆಲ್ಲ ಯಾರು ಬೇಕಾದರೂ ನೋಡಬಹುದು. ಪರವಾಗಿಯೋ ವಿರೋಧವಾಗಿಯೋ ಬರೆಯಬಹುದು. ನಾನು ಏನನ್ನೂ ಓದದೆ ವಿರೋಧಿಸಿ ಬರೆದೆ. ನನ್ನ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬುದೇ ಕಾರಣ. ಎಂಟನೇ ತರಗತಿಯಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ‘ಇಂದ, ಇವರಿಗೆ, ವಿಷಯ’ದ ಕ್ರಮ ಅಲ್ಲಿ ಉಪಯೋಗಕ್ಕೆ ಬಂತು!

ಆ ಭಾನುವಾರ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಒಂದೇ ಮಾತು ಕೇಳಿದರು: “ಆ ಮುದುಕರನ್ನ ನೋಡೋಕೆ ಅವರ ಮಕ್ಕಳು ಬರೋದು ಹೇಗಪ್ಪಾ? ಹತ್ರದಲ್ಲಿ ಬಸ್ಸು ನಿಲ್ಲುತ್ತಾ?”

ಈ ಊರಿನಲ್ಲಿ ಒಬ್ಬರೇ ಇರುವ ಅಮ್ಮ ಕೇಳಿದ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಕಡತ ತೆರೆದು ಓದಿದೆ. ಬಸ್ ನಿಲ್ದಾಣ ಹತ್ತಿರವೇ ಇತ್ತು. ಅಲ್ಲಿ ವಾಸಿಸುವವರು ಕಾರು ಓಡಿಸುವವರಲ್ಲ. ಸಿಬ್ಬಂದಿ ಪಾಳಿಯಲ್ಲಿ ಬರುತ್ತಾರೆ. ಕಚೇರಿ ತುಂಬಿದ್ದಾಗ ಬರುತ್ತಿದ್ದಷ್ಟು ಕಾರುಗಳೂ ಬರುವುದಿಲ್ಲ ಎಂದು ವರದಿ ಲೆಕ್ಕ ಕೊಟ್ಟಿತ್ತು. ನಾಚಿಕೆಯಾಯಿತು. ಹಿಂದಿನ ಪತ್ರವನ್ನು ವಾಪಸು ಪಡೆದು, ಬೆಂಬಲಿಸಿ ಇನ್ನೊಂದು ಬರೆದೆ.

ಕೆಲವರು ತಮ್ಮ ಮನೆಯ ಬೆಲೆ ಇಳಿಯುತ್ತದೆ ಎಂದು ಬರೆದಿದ್ದರು. ಅಂಥ ಕಾರಣ ಅಲ್ಲಿ ಗಣನೆಗೆ ಬರುವುದಿಲ್ಲ. ವಾಹನ ಸಂಚಾರ, ಸದ್ದು, ಬೆಳಕು, ನೆರೆಮನೆಯ ಖಾಸಗಿತನ, ಇಂಥವನ್ನು ತೂಗಿ ನೋಡುತ್ತಾರೆ. ಸಣ್ಣ ಅರ್ಜಿಗೆ 8 ವಾರ, ದೊಡ್ಡದಕ್ಕೆ 13 ವಾರದ ಗಡುವು. ನಿರಾಕರಿಸಿದರೆ ಕಾರಣಗಳನ್ನು ಬರೆದು ಕೊಡಬೇಕು, ಅದರ ಮೇಲೆ ಅಪೀಲು ಹೋಗಬಹುದು. ನಮ್ಮ ಬೀದಿಯ ಅರ್ಜಿಗೆ ಷರತ್ತುಗಳೊಂದಿಗೆ ಒಪ್ಪಿಗೆ ಸಿಕ್ಕಿತು: ಸಾಮಾನಿನ ಲಾರಿ ರಾತ್ರಿ ಬರಕೂಡದು, ಪಕ್ಕದ ಮನೆಯತ್ತ ಇರುವ ಕಿಟಕಿಗೆ ಮಸುಕು ಗಾಜು ಹಾಕಬೇಕು. ಅಲ್ಲಿಗೇ ಮುಗಿಯಲಿಲ್ಲ. ಬೆಂಕಿ ಸುರಕ್ಷತೆ, ಲಿಫ್ಟುಗಳಿಗೆ ಕಟ್ಟಡ ನಿಯಮಗಳು ಬೇರೆ. ಆರೈಕೆ ನಡೆಸಲು ಕೇರ್ ಕ್ವಾಲಿಟಿ ಕಮಿಷನ್ನಿನ ನೋಂದಣಿ ಬೇರೆ.

ನಮ್ಮೂರಿಗೂ ಅಂಥ ಮನೆ ಬೇಕೆಂದು ಹೇಳಲು ನಾನು ಬಂದಿಲ್ಲ. ಅಮ್ಮನಿಗೆ ಜ್ವರ ಬಂದರೆ ನನಗಿಂತ ಮೊದಲು ಗಂಜಿ ಹಿಡಿದು ಬರುವವರು ಇಲ್ಲಿಯೇ ಕುಳಿತಿದ್ದೀರಿ. ಆ ಋಣ ದೊಡ್ಡದು. ಮಕ್ಕಳಿಗೆ ಮಾತ್ರ ಒಂದು ಮಾತು: ನಾಳೆ ಗ್ರಾಮಸಭೆಯಲ್ಲಿ ಬೇಕು ಎನ್ನಿ, ಬೇಡ ಎನ್ನಿ, ಆದರೆ ಕಾಗದ ಓದಿದ ಮೇಲೆ ಹೇಳಿ. ಓದಲು ಕಲಿಸಿದ್ದು ಈ ಶಾಲೆ. ನಾನು ಅದನ್ನು ಒಮ್ಮೆ ಮರೆತಿದ್ದೆ.