ಹಾವಿನ ಹುರುಪೆ ಮತ್ತು ಗುರುತಿನ ವಿವೇಕ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನನ್ನ ಕೈಯಲ್ಲಿರುವುದು ಒಂದು ಪಂಪ್‌ಮನೆಯಲ್ಲಿ ದೊರೆತ ಹಾವಿನ ಪೊರೆ. ಅಲ್ಲಿನ ನೀರುಗಂಟಿಯವರು ರಾತ್ರಿ ಆ ಕೋಣೆಯ ನೆಲದ ಮೇಲೆಯೇ ಮಲಗುತ್ತಿದ್ದರು. ಪೊರೆಯಲ್ಲಿ ಮೈಬಣ್ಣ ಬಹುಮಟ್ಟಿಗೆ ಅಳಿದಿದೆ. ಹುರುಪೆಗಳ ಅಚ್ಚು ಮಾತ್ರ ಸ್ಪಷ್ಟವಾಗಿ ಉಳಿದಿದೆ. ಬಣ್ಣವು ವಯಸ್ಸಿಗೆ ತಕ್ಕಂತೆಯೂ ಪೊರೆ ಕಳಚುವ ಕಾಲದಲ್ಲಿಯೂ ಬದಲಾಗುತ್ತದೆ. ಹುರುಪೆಗಳ ಜೋಡಣೆ ಹಾಗೆ ಬದಲಾಗುವುದಿಲ್ಲ. ಆದುದರಿಂದಲೇ ಬಲ್ಲವರು ಹುರುಪೆಯನ್ನು ನಂಬುತ್ತಾರೆ.

ಬನಶಂಕರಿಯ ಆಚೆ ತುರಹಳ್ಳಿ ಅರಣ್ಯ, ಜೆ.ಪಿ. ನಗರದ ದಕ್ಷಿಣಕ್ಕೆ ಬನ್ನೇರುಘಟ್ಟದ ಕಾಡು, ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿ ಮಡಿವಾಳ ಕೆರೆ ಇವೆ. ನಗರವು ಹಳ್ಳಿಯನ್ನು ಸೇರುವ ಈ ಅಂಚಿನಲ್ಲಿ ಕಸ ಹೆಚ್ಚಿದಲ್ಲಿ ಇಲಿ, ಇಲಿಯ ಹಿಂದೆ ಹಾವು ಬರುವುದು ಸಹಜ. ಬರುವ ಹಾವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ನಮ್ಮ ನಾಡಿನಲ್ಲಿ ಹೆಚ್ಚು ಪ್ರಾಣಹಾನಿ ಮಾಡುವವು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ.

ಮೊದಲು ಕಟ್ಟುಹಾವನ್ನು ಗಮನಿಸೋಣ. ಇದನ್ನೂ ವಿಷವಿಲ್ಲದ ತೋಳಹಾವನ್ನೂ ಜನರು ಒಂದೆಂದೇ ಭಾವಿಸುತ್ತಾರೆ. ಎರಡಕ್ಕೂ ಮೈಮೇಲೆ ಅಡ್ಡಪಟ್ಟೆಗಳಿವೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಯವು, ಪಕ್ಕದವುಗಳಿಗಿಂತ ದೊಡ್ಡವು. ಬಾಲದ ಅಡಿಯಲ್ಲಿ ಒಂದೇ ಸಾಲಿನ ಇಡಿ ಹುರುಪೆಗಳಿರುತ್ತವೆ. ತೋಳಹಾವಿನಲ್ಲಿ ನಡುಸಾಲು ದೊಡ್ಡದಲ್ಲ. ಬಾಲದಡಿಯ ಹುರುಪೆಗಳು ಜೋಡಿಯಾಗಿರುತ್ತವೆ.

ಮಂಡಲ ಹಾವುಗಳ ತಲೆಯ ಮೇಲೆ ಸಣ್ಣ ಹುರುಪೆಗಳು ಒತ್ತಾಗಿವೆ. ನಾಗರ, ಕಟ್ಟುಹಾವು ಮತ್ತು ಕೇರೆಗಳ ತಲೆಯ ಮೇಲೆ ಅಗಲವಾದ ಫಲಕಗಳಿವೆ. ಕೊಳಕುಮಂಡಲದ ಬೆನ್ನಿನ ಪ್ರತಿ ಹುರುಪೆಯ ನಡುವೆ ಏಣು ಎದ್ದಿರುತ್ತದೆ. ಗರಗಸ ಮಂಡಲದ ಪಕ್ಕೆಯ ಹುರುಪೆಗಳು ಗರಗಸದ ಹಲ್ಲಿನಂತಿದ್ದು, ಅವನ್ನು ಉಜ್ಜಿಯೇ ಅದು ಸದ್ದು ಮಾಡುತ್ತದೆ.

ಆದರೆ ಒಂದೇ ಗುರುತನ್ನು ನೆಚ್ಚಬಾರದು. ಮಣ್ಣುಮುಕ್ಕನ ತಲೆಯಲ್ಲಿಯೂ ಸಣ್ಣ ಹುರುಪೆಗಳಿವೆ. ಕೊಳಕುಮಂಡಲವೆಂದು ಬಗೆದು ಜನರು ಅದನ್ನು ಕೊಲ್ಲುತ್ತಾರೆ. ಹೊಟ್ಟೆಯ ಹುರುಪೆ ನೋಡಿದರೆ ಭೇದ ತಿಳಿಯುತ್ತದೆ: ಮಂಡಲದಲ್ಲಿ ಅವು ಹೊಟ್ಟೆಯ ಅಗಲಕ್ಕೂ ಹರಡಿವೆ, ಮಣ್ಣುಮುಕ್ಕನಲ್ಲಿ ಕಿರಿದಾಗಿವೆ. ಹೆಡೆ ಬಿಚ್ಚದ ನಾಗರವನ್ನು ಕೇರೆಯೆಂದು ತಿಳಿಯುವುದೂ ಉಂಟು. ನಾಗರದ ಮೇಲ್ದುಟಿಯ ಮೂರನೆಯ ಹುರುಪೆ ದೊಡ್ಡದಾಗಿದ್ದು, ಮೂಗಿನ ಹುರುಪೆಯನ್ನೂ ಕಣ್ಣನ್ನೂ ಮುಟ್ಟುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ಲಕ್ಷಣಗಳನ್ನು ಪೊರೆಯಲ್ಲಿ ಅಥವಾ ದೂರದಿಂದ ತೆಗೆದ ಚಿತ್ರದಲ್ಲಿ ನೋಡಬೇಕೇ ಹೊರತು, ಜೀವಂತ ಹಾವಿನ ಬಳಿ ಹೋಗಿ ಅಲ್ಲ. ಸತ್ತಂತೆ ಕಂಡ ಹಾವನ್ನೂ ಮುಟ್ಟಬಾರದು. ಕಡಿತಕ್ಕೆ ಒಳಗಾದವರ ಮುಂದೆ ಹುರುಪೆಯ ವಿಚಾರವೇ ಬೇಡ. ನಮ್ಮಲ್ಲಿ ನೀಡುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕೂ ಹಾವುಗಳ ವಿಷಕ್ಕಾಗಿ ತಯಾರಾದುದು. ವೈದ್ಯರು ಲಕ್ಷಣಗಳನ್ನು ನೋಡಿ ನಿರ್ಧರಿಸುತ್ತಾರೆ. ಹಾವನ್ನು ಹಿಡಿದು ತರಬೇಕಾಗಿಲ್ಲ. ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಸಲ್ಲದು. ಕೈಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸಾಗಿಸಬೇಕು. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಊತವಾಗಲಿ ಕಾಣದಿರಬಹುದು; ನೋವಿಲ್ಲವೆಂದು ಬೆಳಗಿನವರೆಗೆ ಕಾಯುವುದೇ ಪ್ರಾಣಕ್ಕೆ ಎರವಾಗುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆದುದರಿಂದ ತಮ್ಮ ವ್ಯಾಪ್ತಿಯ ಒಂದು ಪ್ರಕರಣವೂ ದಾಖಲೆಯಿಂದ ಹೊರಗುಳಿಯದಂತೆ ನೋಡಿಕೊಳ್ಳಬೇಕು. ವಿಷನಿರೋಧಕ ಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆಯೆಂಬುದನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಬರೆಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೆ ರಕ್ಷಣೆ ನೀಡಿದೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಬೇಕು.

ಇನ್ನು ಈ ಪೊರೆಯ ವಿಷಯ. ಬೆನ್ನಿನ ನಡುಸಾಲನ್ನು ಬೆಳಕಿಗೆ ಹಿಡಿದು ನೋಡಿ: ಆರು ಮೂಲೆಯ ದೊಡ್ಡ ಹುರುಪೆಗಳು. ಆ ನೀರುಗಂಟಿಯವರಿಗೆ ಈಗ ಮಂಚ, ಸೊಳ್ಳೆಪರದೆ ಮತ್ತು ಬ್ಯಾಟರಿ ದೀಪ ದೊರೆತಿವೆ. ಬಾಗಿಲ ಸಂದು ಮುಚ್ಚಲಾಗಿದೆ. ಹುರುಪೆಯ ಅರಿವು ಉಪಯೋಗಕ್ಕೆ ಬರುವುದು ಹೀಗೆ, ಕಡಿತಕ್ಕೆ ಮುಂಚೆ. ತಮ್ಮ ತಮ್ಮ ಪಂಚಾಯಿತಿಯ ಪಂಪ್‌ಮನೆಗಳನ್ನು ಈ ವಾರವೇ ಒಮ್ಮೆ ನೋಡಿ ಬನ್ನಿರೆಂದು ಪ್ರಾರ್ಥಿಸುತ್ತೇನೆ.